ಜುಮ್ಮೆನ್ನುವ ನಲ್ಲಿ

ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಅಕ್ಕ ಮೊದಲ ಸಲ ಹೇಳಿದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಸಂಜಯನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಗ್ಯಾಸ್ ವಾಸನೆ, ಹಲ್ಲಿ, ಲಿಫ್ಟು, ಎಲ್ಲಕ್ಕೂ ಭಯ. ಇದೂ ಅಂಥದ್ದೇ ಎಂದುಕೊಂಡೆ.

ಎರಡನೇ ಸಲ ಹೇಳಿದಾಗ ಟೆಸ್ಟರ್ ಹಿಡಿದು ಒಳಗೆ ಹೋದೆ. ಸುಮ್ಮನೆ ಅಪಾಯ ಯಾಕೆಂದು ಮೊದಲು ಗೀಸರ್ ಆರಿಸಿದೆ. ಆಮೇಲೆ ನಲ್ಲಿಗೆ ಟೆಸ್ಟರ್ ಇಟ್ಟೆ. ದೀಪ ಹತ್ತಲಿಲ್ಲ. "ನೋಡಿದ್ಯಾ? ನಿಂಗೆ ಹಗ್ಗ ಕಂಡ್ರೂ ಹಾವೇ" ಎಂದು ಗೆದ್ದವನಂತೆ ಹೊರಬಂದೆ. ಗೀಸರ್ ಆರಿಸಿ ಕರೆಂಟು ಹುಡುಕಿದ ಪಂಡಿತ ನಾನು. ಅಕ್ಕ ಮತ್ತೆ ಆ ಮಾತೆತ್ತಲಿಲ್ಲ.

ಮೂರು ವಾರದ ನಂತರ, ಪಕ್ಕದ ಮನೆಗೆ ಫ್ಯಾನ್ ಹಾಕಲು ಬಂದಿದ್ದ ಎಲೆಕ್ಟ್ರಿಷಿಯನ್ನನ್ನು ಅವಳೇ ಕರೆತಂದಳು. ಆರ್‌.ಟಿ. ನಗರದವರು, ನಮ್ಮ ಬೀದಿಗೆಲ್ಲ ಅವರು ಭಾಯಿ. ಅವರು ಗೀಸರ್ ಹಾಕಿ ನಲ್ಲಿಗೆ ಟೆಸ್ಟರ್ ಇಟ್ಟರು. ದೀಪ ಹತ್ತಿತು.

"ಪೈಪ್ ಏನಾದ್ರೂ ಬದಲಾಯಿಸಿದ್ರಾ ಸಾರ್?"

ಬದಲಾಯಿಸಿದವನು ನಾನೇ. ತುಕ್ಕು ಹಿಡಿದ ಕಬ್ಬಿಣದ ಪೈಪನ್ನು ಹೊರಗೆಲ್ಲ ತೆಗೆಸಿ ಪ್ಲಾಸ್ಟಿಕ್ ಹಾಕಿಸಿದ್ದೆ. ಟೈಲ್ಸ್ ಒಡೆಯಬೇಕಾಗುತ್ತದೆಂದು ಗೋಡೆಯೊಳಗಿನ ತುಂಡನ್ನು ಹಾಗೇ ಉಳಿಸಿದ್ದೆ. ಭಾಯಿ ಗೀಸರಿನ ಹಸಿರು ಅರ್ಥ್ ವೈರನ್ನು ತೋರಿಸಿದರು. ಅದನ್ನು ಆ ಪೈಪಿಗೇ ಬಿಗಿದಿದ್ದರು. ನಮ್ಮ ಮನೆ ಕಟ್ಟಿದ ಕಾಲಕ್ಕೆ ಹಾಗೆ ಮಾಡುವವರಿದ್ದರಂತೆ. ಪೈಪು ಮಣ್ಣಿಗೆ ಇಳಿಯುತ್ತಿತ್ತು, ಅದೇ ಅರ್ಥಿಂಗ್.

"ಈಗ ಗೀಸರಲ್ಲಿ ಸೋರಿದ ಕರೆಂಟು ಪೈಪ್ ತನಕ ಬರುತ್ತೆ, ಮುಂದೆ ದಾರಿ ಇಲ್ಲ. ನಲ್ಲಿ ಹಿಡಿದೋರ ಮೈಯಲ್ಲೇ ಇಳಿಬೇಕು. ಮನೇಲಿ ಬೇರೆ ಯಾರಿಗೂ ಹೊಡೀಲಿಲ್ವಾ?"

ಇಲ್ಲವಲ್ಲ ಎಂದೆ.

"ಹೆಂಗ್ ಹೊಡೆಯುತ್ತೆ?" ಎಂದಳು ಅಕ್ಕ. "ಎಲ್ರಿಗಿಂತ ಮುಂಚೆ ಎದ್ದು ಬಕೆಟ್‌ಗಳನ್ನ ನಾನೇ ತುಂಬ್ಸಿ, ಗೀಸರ್ ಆರ್ಸಿ ಇಡ್ತೀನಲ್ಲ. ಪುಟ್ಟಿ ನಲ್ಲಿ ಮುಟ್ಟಿಬಿಟ್ರೆ ಅಂತ ಭಯ. ಒಣ ಟವೆಲ್ ಸುತ್ಕೊಂಡು ತಿರುಗಿಸ್ತೀನಿ. ಒಂದೊಂದ್ಸಲ ಜಾರುತ್ತೆ."

ಪುಟ್ಟಿ ಎಂದರೆ ಆರು ವರ್ಷದ ನನ್ನ ಮಗಳು. ನನಗೆ ಅಕ್ಕನ ಮುಖ ನೋಡಲು ನಾಚಿಕೆಯಾಯಿತು.

ಭಾಯಿ ಗೀಸರಿನಿಂದ ಮೇನ್ ಬೋರ್ಡಿಗೆ, ಅಲ್ಲಿಂದ ಕಾಂಪೌಂಡಿನ ಅರ್ಥಿಂಗ್ ಗುಂಡಿಗೆ ಹಸಿರು ವೈರು ಎಳೆದರು. ಪೈಪಿನಿಂದ ಅದೇ ಬೋರ್ಡಿಗೆ ಇನ್ನೊಂದು. ಎರಡೂ ಒಂದೇ ಅಲ್ಲವೇ ಎಂದು ಕೇಳಿದೆ.

"ಬಣ್ಣ ಒಂದೇ, ಕೆಲಸ ಬೇರೆ ಸಾರ್. ಮೊದಲನೇದು ಸೋರಿದ ಕರೆಂಟು ವಾಪಸ್ ಹೋಗೋಕೆ. ಇದು ಬಾಂಡಿಂಗ್. ನಲ್ಲಿ, ಪೈಪು, ಗೀಸರು ಎಲ್ಲಾದ್ರಲ್ಲೂ ವೋಲ್ಟೇಜ್ ಸಮ ಇರ್ಬೇಕು. ಒಂದನ್ನ ಹಿಡಿದು ಇನ್ನೊಂದನ್ನ ಮುಟ್ಟಿದ್ರೂ ಮಧ್ಯದಲ್ಲಿ ಏನೂ ಹರೀಬಾರ್ದು."

ಕರೆಂಟು ಸೋರಿದರೆ ತಾನಾಗಿ ಬೀಳುವ ಹೊಸ ಸ್ವಿಚ್ಚೊಂದನ್ನೂ ಬೋರ್ಡಿಗೆ ಸೇರಿಸಿ, ಗೀಸರ್ ಹಾಕಿದರು. ಟಪ್ ಎಂದು ಮನೆಯ ಕರೆಂಟೆಲ್ಲ ಹೋಯಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಭಾಯಿ ಮಾತ್ರ ನಕ್ಕರು.

"ಬೀಳ್ಲಿ ಅಂತಾನೇ ಹಾಕಿದ್ದು ಸಾರ್. ನೀರು ಕಾಯಿಸೋ ಕಾಯಿಲ್ ಹೋಗಿದೆ, ಅಲ್ಲಿಂದ್ಲೇ ಸೋರ್ತಿರೋದು. ಈ ಸ್ವಿಚ್ಚು ಮೊದಲೇ ಇದ್ದಿದ್ರೆ ಸೋರೋಕೆ ಶುರುವಾದ ದಿನವೇ ಹೇಳ್ತಿತ್ತು."

ಕಾಯಿಲ್ ಬದಲಾಯಿಸಿದ ಮೇಲೆ ಸ್ವಿಚ್ಚು ಬೀಳಲಿಲ್ಲ, ಟೆಸ್ಟರ್ ಹತ್ತಲಿಲ್ಲ. ಭಾಯಿ ಬೆರಳ ಹಿಂಬದಿಯಿಂದ ನಲ್ಲಿ ಮುಟ್ಟಿ ನೋಡಿದರು. ಆಮೇಲೆ ನಾನು ಹಿಡಿದೆ. ತಣ್ಣಗಿತ್ತು, ಅಷ್ಟೇ. ಮನಸ್ಸು ಎಷ್ಟು ಹಗುರವಾಯಿತೆಂದರೆ ಕಮೋಡಿನ ಮುಚ್ಚಳದ ಮೇಲೆ ಹಾಗೇ ಕೂತುಬಿಟ್ಟೆ. ಯಾರಿಗೂ ಏನೂ ಆಗಲಿಲ್ಲ. ಆಗದಂತೆ ನೋಡಿಕೊಂಡವಳು ಬಾಗಿಲಲ್ಲಿ ನಿಂತಿದ್ದಳು. ತಪ್ಪಾಯ್ತು ಅಕ್ಕ ಎಂದೆ.

ಅಷ್ಟರಲ್ಲಿ ಮಗಳು ನಮ್ಮಿಬ್ಬರ ನಡುವೆ ನುಗ್ಗಿ ನಲ್ಲಿಗೆ ಕೈ ಚಾಚಿದಳು. ಅಕ್ಕನ ಕೈ ತಾನಾಗಿ ಅಡ್ಡ ಹೋಯಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ತಿರುಗ್ಸು ಪುಟ್ಟಿ, ಪರವಾಗಿಲ್ಲ" ಎಂದಳು. "ಈ ಸಲ ನೋಡಿರೋದು ಭಾಯಿ. ನಿಮ್ಮಪ್ಪ ಅಲ್ಲ."