ಸತ್ತ ಮೇಷ್ಟ್ರು ಭಾಗ ಎರಡಕ್ಕೆ ಬಂದರು

ಕಳೆದ ವರ್ಷ ನಾನು ಸಾಯಿಸಿದ ಮನುಷ್ಯ ಮೊನ್ನೆ ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೊನ್ನಾಳಿಯ ನಮ್ಮ ಮನೆಗೆ ಬಂದರು. ಸೋಫಾದಲ್ಲಿ ಆರಾಮಾಗಿ ಕೂತರು. ಎರಡು ಪ್ಲೇಟ್ ಮಂಡಕ್ಕಿ, ಮೇಲೆ ಮೆಣಸಿನಕಾಯಿ ಬಜ್ಜಿ ತಿಂದರು. (ನನ್ನ ಪಾಲಿನ ಬಜ್ಜಿಯೂ ಹೋಯಿತು. ಹೇಳಿಕೊಳ್ಳುವಂತಿಲ್ಲ, ಕೊಂದ ಪಾಪ ಬೇರೆ ಇತ್ತಲ್ಲ.)

ಅವರು ತಿನ್ನುತ್ತಿದ್ದರೆ ಹೆಂಡತಿ ಗಿರಿಜಮ್ಮ ನನ್ನನ್ನೇ ದಿಟ್ಟಿಸಿ ನೋಡಿ ಹೇಳಿದರು: "ನೋಡವ್ವಾ, ಇವ್ರನ್ನ ಸಾಯಿಸ್ದೋಳು ನೀನು. ಬದುಕಿಸಾದೂ ನೀನೇ."

ಗಾಬರಿಯಾಗಬೇಡಿ. ಪೊಲೀಸರಿಗೆ ಫೋನ್ ಮಾಡಬೇಡಿ. ಇದು ಸಿನಿಮಾ ವಿಷಯ.

ನಮ್ಮ ಕಡೆಯ ಕೆಲವು ನಿವೃತ್ತರು ಸೇರಿ ಹೋದ ವರ್ಷ ಒಂದು ಸಿನಿಮಾ ಮಾಡಿದ್ದರು. ಹೆಸರು 'ಫಾರಿನ್ ಪಿಂಚಣಿ'. ನಿರ್ದೇಶಕರು ಚನ್ನಗಿರಿಯ ಷಣ್ಮುಖಪ್ಪ, ನಿವೃತ್ತ ಸರ್ವೇಯರ್. ಜೀವಮಾನವಿಡೀ ಹೊಲ ಅಳೆದ ಸ್ಟ್ಯಾಂಡಿನ ಮೇಲೆ ಮೊಬೈಲ್ ಕೂರಿಸಿದರು, ಕ್ಯಾಮೆರಾ ರೆಡಿ! ನಾಯಕ ನ್ಯಾಮತಿಯ ರುದ್ರಪ್ಪ, ನಿವೃತ್ತ ಪಿ.ಟಿ. ಮೇಷ್ಟ್ರು. ನಾಯಕಿ ಜಗಳೂರಿನ ಹನುಮಕ್ಕ, ನಿವೃತ್ತ ನರ್ಸ್. ಎರಡು ಬಸ್ ಬದಲಾಯಿಸಿ ಶೂಟಿಂಗಿಗೆ ಬರುವ ಏಕೈಕ ನಾಯಕಿ ಅಂದರೆ ಈಕೆಯೇ ಇರಬೇಕು. ಕತೆ, ಸಂಭಾಷಣೆ ನನ್ನದು. ಪೇಪರಿನಲ್ಲಿ ಬರೆಯುತ್ತೇನೆ ಎಂಬ ಒಂದೇ ತಪ್ಪಿಗೆ. ನನಗೆ ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ ಇರುವುದರಿಂದ ಟೀಮಿನಲ್ಲಿ ನಾನೇ ಜೂನಿಯರ್. ಟೀ ಫ್ಲಾಸ್ಕ್ ಹೊರುವುದೂ ನಾನೇ.

ಕತೆ ಏನು? ನಮ್ಮೂರಿನ ನಾಲ್ಕು ಜನ ನಿವೃತ್ತರು ಪೋರ್ಚುಗಲ್ಲಿಗೆ ಹೋಗಿ ಸಮುದ್ರದ ದಂಡೆಯಲ್ಲಿ ಮನೆ ಮಾಡಿಕೊಂಡು ಬದುಕುತ್ತಾರೆ. ಪೋರ್ಚುಗಲ್ಲೇ ಯಾಕೆ? ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಅದನ್ನು ನೋಡಿದವರು ಯಾರೂ ಸಿಗಲಿಲ್ಲ. ತಪ್ಪು ಹಿಡಿಯುವವರೇ ಇಲ್ಲದ ಮೇಲೆ ಅದಕ್ಕಿಂತ ಒಳ್ಳೆಯ ದೇಶ ಎಲ್ಲಿದೆ?

ಸಮುದ್ರ ಎಲ್ಲಿಂದ ತಂದಿರಿ ಅಂತ ಕೇಳುತ್ತೀರಿ. ನಮಗೆ ಸೂಳೆಕೆರೆ ಇಲ್ಲವೇ? (ಬೋರ್ಡಿನಲ್ಲಿ ಶಾಂತಿಸಾಗರ ಅಂತಲೇ ಇದೆ. ಸಾಗರ! ನಾವೇನೂ ಸುಳ್ಳು ಹೇಳಿಲ್ಲ.) ಗಾಳಿ ಜೋರಾಗಿದ್ದ ದಿನ ಅಲೆ ಚೆನ್ನಾಗಿಯೇ ಬಂದವು. ಒಂದೇ ಒಂದು ಎಡವಟ್ಟಾಯಿತು. ಹನುಮಕ್ಕ ಸ್ವೆಟರ್ ಹಾಕಿಕೊಂಡು "ಈ ಪೋರ್ಚುಗಲ್ಲಿನ ಚಳಿ ತಡಿಯಾಕಾಗ್ತಿಲ್ಲ" ಎಂದು ನಡುಗುತ್ತಿರುವಾಗ ಹಿಂದೆ ದೂರದಲ್ಲಿ ಒಂದು ಕೆಂಪು ಬಸ್ಸು 'ಚನ್ನಗಿರಿ' ಅಂತ ಬೋರ್ಡ್ ಹಾಕಿಕೊಂಡು ಸಾವಕಾಶವಾಗಿ ಹೋಯಿತು. ಯೂಟ್ಯೂಬಿನಲ್ಲಿ ಯಾರೋ ಕಾಮೆಂಟ್ ಹಾಕಿದ್ದರು: 'ಪೋರ್ಚುಗಲ್ ಬಸ್ಸು ತ್ಯಾವಣಿಗೆಯಲ್ಲಿ ಸ್ಟಾಪ್ ಕೊಡ್ತದಾ?'

ಇರಲಿ. ನಾನು ಯಾಕೆ ರುದ್ರಪ್ಪನವರನ್ನು ಸಾಯಿಸಿದೆ ಅನ್ನುವುದಕ್ಕೆ ಬರುತ್ತೇನೆ.

ಕಾರಣ ವಾಲಿಬಾಲ್. ಮೂರು ಭಾನುವಾರ ಶೂಟಿಂಗಿಗೆ ಬಂದ ಮನುಷ್ಯ ನಾಲ್ಕನೆಯ ಭಾನುವಾರ "ನ್ಯಾಮತಿಯಾಗೆ ಟೂರ್ನಮೆಂಟ್ ಐತೆ, ನಾನೇ ರೆಫ್ರಿ" ಎಂದು ಫೋನ್ ಇಟ್ಟುಬಿಟ್ಟರು. ಕ್ಲೈಮ್ಯಾಕ್ಸ್ ಬಾಕಿ. ಷಣ್ಮುಖಪ್ಪ ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದರು. "ಮೇಡಂ, ಸಾಯಿಸ್ಬಿಡ್ರಿ ಅತ್ಲಾಗೆ. ಸತ್ತೋರು ಶೂಟಿಂಗಿಗೆ ಬರಾದು ಬೇಕಾಗಿಲ್ಲ."

ನಾನೂ ಸಿಟ್ಟಿನಲ್ಲಿದ್ದೆ. ಅರ್ಧ ಪುಟದಲ್ಲಿ ಹಾರ್ಟ್ ಅಟ್ಯಾಕ್ ಮಾಡಿಸಿ ಕೆಲಸ ಮುಗಿಸಿದೆ. ಶೋಕದ ಸೀನಿಗೆ ಒಂದು ಫೋಟೋ ಬೇಕಿತ್ತು. ಗಿರಿಜಮ್ಮನವರಿಗೆ ಫೋನ್ ಮಾಡಿ ಕೇಳಿದೆವು, ಪಾಪ, ಏನಕ್ಕೆ ಎತ್ತ ಅಂತ ಕೇಳದೆ ಕಳಿಸಿದರು. ಮೇಷ್ಟ್ರ ಬೀಳ್ಕೊಡುಗೆಯ ಫೋಟೋ. ಕೊರಳಲ್ಲಿ ದಪ್ಪ ಹಾರ. ನಾವು ಹಾರದ ಖರ್ಚೂ ಮಾಡಲಿಲ್ಲ!

ಒಂದು ಮಾತು ಹೇಳಲೇ? ನಮ್ಮಲ್ಲಿ ಬೀಳ್ಕೊಡುಗೆ ಸಮಾರಂಭಕ್ಕೂ ಶ್ರದ್ಧಾಂಜಲಿ ಸಭೆಗೂ ಏನು ವ್ಯತ್ಯಾಸ? ಅದೇ ಶಾಮಿಯಾನ, ಅದೇ ಹಾರ, ಅದೇ ಕೀಂ ಅನ್ನುವ ಮೈಕು. ಇಡೀ ಸರ್ವೀಸಿನಲ್ಲಿ ಮುಖ ಕೊಟ್ಟು ಮಾತಾಡದ ಹೆಡ್‌ಮಾಸ್ಟರು ಬಂದು "ಇಂಥವರು ಮತ್ತೆ ಸಿಗುವುದಿಲ್ಲ" ಅನ್ನುತ್ತಾರೆ. ಬೀಳ್ಕೊಡುಗೆಯಲ್ಲಿ ಸಂಬಂಧಪಟ್ಟ ಮನುಷ್ಯನಿಗೂ ಊಟ ಹಾಕುತ್ತಾರೆ, ಅಷ್ಟೇ.

ಸಿನಿಮಾ ಬಿಟ್ಟೆವು. ಯಾರೋ ಪುಣ್ಯಾತ್ಮರು ಆ ಶೋಕದ ಸೀನನ್ನಷ್ಟೇ ಕತ್ತರಿಸಿ ವಾಟ್ಸಾಪಿಗೆ ಹಾಕಿದರು. ಕೆಳಗೆ ಒಂದು ಸಾಲು: 'ನ್ಯಾಮತಿ ರುದ್ರಪ್ಪ ಮೇಷ್ಟ್ರು ಇನ್ನಿಲ್ಲ.'

ಮುಗೀತು ಕತೆ! ಒಂದೇ ಬೆಳಿಗ್ಗೆಗೆ ನಾಲ್ಕೂ ತಾಲ್ಲೂಕು ಸುತ್ತಿತು. ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ ಕೈಮುಗಿದವರೇ ಕೈಮುಗಿದವರು. ಮೇಷ್ಟ್ರ ಕೈಯಲ್ಲಿ ಬೆತ್ತದ ಏಟು ತಿಂದು ಶಾಲೆಯನ್ನೇ ಬಿಟ್ಟು ಓಡಿಹೋದವನೊಬ್ಬ 'ದೇವರಂಥ ಗುರುಗಳು' ಎಂದು ಬರೆದಿದ್ದ. ಕೆರೆಬಿಳಚಿಯ ನೆಂಟರು ಹಾರ ಹಿಡಿದುಕೊಂಡು, ದಾರಿಯುದ್ದಕ್ಕೂ ಅತ್ತುಕೊಂಡು ನ್ಯಾಮತಿಗೆ ಬಂದು ಬಾಗಿಲು ತಟ್ಟಿದರು. ಬಾಗಿಲು ತೆಗೆದವರು ರುದ್ರಪ್ಪ. ನೆಂಟರು ಹಾರ ಏನು ಮಾಡುವುದೆಂದು ತಿಳಿಯದೆ ಅವರ ಕೊರಳಿಗೇ ಹಾಕಿ, ಕಾಫಿ ಕುಡಿದು ಹೋದರಂತೆ.

ಅದಕ್ಕಿಂತ ದೊಡ್ಡ ತಮಾಷೆ ಕೇಳಿ. ಆ ಮೆಸೇಜು ಸ್ವತಃ ರುದ್ರಪ್ಪನವರಿಗೂ ಬಂದಿತ್ತು. ಕನ್ನಡಕ ಹಾಕಿರಲಿಲ್ಲ. ಯಾರೋ ಹೋಗಿದ್ದಾರೆ ಅನ್ನುವಷ್ಟು ಕಂಡಿದೆ. ಅಭ್ಯಾಸಬಲ! 'ಓಂ ಶಾಂತಿ' ಎಂದು ಟೈಪ್ ಮಾಡಿ ಕಳಿಸಿದ್ದಾರೆ.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ರುದ್ರಪ್ಪನವರೂ ನಕ್ಕರು. ಬಂದ ಹೊಗಳಿಕೆಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡರು. ಗಿರಿಜಮ್ಮ ಮಾತ್ರ ನಗಲಿಲ್ಲ. ಅಂದಿನಿಂದ ನನ್ನ ಫೋನನ್ನೂ ಎತ್ತಲಿಲ್ಲ. ಹಾರ ಹಾಕಿದ ಫೋಟೋ ಅಂತ ಮುನಿಸಿರಬೇಕು, ಹಳೇ ಕಾಲದವರು, ತಾನಾಗಿ ಸರಿಹೋಗುತ್ತದೆ ಅಂದುಕೊಂಡು ಸುಮ್ಮನಿದ್ದೆ.

ಈಗ ಭಾಗ ಎರಡು ಮಾಡುತ್ತೇವೆ ಅಂತ ಸುದ್ದಿಯಾಗಿದ್ದೇ ತಡ, ಈ ದಂಡಯಾತ್ರೆ ನಮ್ಮ ಮನೆಗೆ.

ಫೋನ್ ಮಾಡಿ ಷಣ್ಮುಖಪ್ಪನವರನ್ನು ಕರೆಸಿದೆ. ಅವರು ಗಂಭೀರವಾಗಿ ಚರ್ಚೆಗೆ ಕೂತರು. "ಅವಳಿ ಜವಳಿ ತಮ್ಮ ಅಂತ ತೋರಿಸಾಣ. ಮೀಸೆ ಬಿಟ್ರೆ ಆತು."

"ತಮ್ಮ ಯಾಕ್ರಿ? ನಂಗೆ ಇವ್ರು ಬೇಕು" ಎಂದರು ಗಿರಿಜಮ್ಮ.

"ಹಂಗಾದ್ರೆ ದೆವ್ವ. ಬಿಳೀ ಪಂಚೆ ಮನೇಲೇ ಐತೆ."

"ಥೂ! ಬಿಡ್ತು ಅನ್ರಿ!"

"ಅಲ್ಲಮ್ಮಾ, ಸತ್ತಿದ್ದು ತೋರ್ಸೀವಿ. ಎಲ್ಲಾರೂ ಅತ್ತಿದ್ದು ತೋರ್ಸೀವಿ. ಈಗ ಸೀದಾ ನಡ್ಕೊಂಡು ಬಂದ್ರೆ ಜನ ಲಾಜಿಕ್ ಕೇಳ್ತಾರ್ರಿ."

"ಕೆರೇನ ಸಮುದ್ರ ಅಂದಾಗ ಕೇಳದೇ ಇರೋ ಜನ ಈಗ ಕೇಳ್ತಾರಾ?"

ಷಣ್ಮುಖಪ್ಪ ಮಂಡಕ್ಕಿ ಕಡೆ ಕೈ ಚಾಚಿದರು. ಗಿರಿಜಮ್ಮ ಎದ್ದು ನಿಂತು ಕೊನೆಯ ಮಾತು ಹೇಳಿದರು: "ಇವ್ರು ಬದುಕಿ ಬರಬೇಕು. ಅದನ್ನ ಎಲ್ಲಾರೂ ನೋಡಬೇಕು. ಇಲ್ಲಾಂದ್ರೆ ಇವ್ರನ್ನೂ ಕಳಿಸಲ್ಲ, ಕಾರೂ ಕಳಿಸಲ್ಲ, ರೊಟ್ಟಿನೂ ಕಳಿಸಲ್ಲ." ನಮ್ಮ ಯೂನಿಟ್ಟಿಗೆ ಇರುವುದು ಅದೊಂದೇ ಕಾರು. ರೊಟ್ಟಿ, ಶೇಂಗಾ ಚಟ್ನಿಯೂ ಅವರದೇ. ನಾನು ಪೆನ್ನು ತೆಗೆದೆ. ಪೋರ್ಚುಗಲ್ ಆಸ್ಪತ್ರೆಯವರು ಹೆಸರು ಅದಲುಬದಲು ಮಾಡಿದರು, ಸತ್ತಿದ್ದು ಬೇರೆ ಯಾರೋ, ಇವರು ಮರೆವಿನ ಕಾಯಿಲೆ ಬಂದು ಎಲ್ಲೋ ಅಲೆಯುತ್ತಿದ್ದರು ಅಂತ ಬರೆದೆ. ನಾಚಿಕೆ ಬಿಟ್ಟು ಬರೆದೆ ಅನ್ನಿ.

ಕಳೆದ ಭಾನುವಾರ ಶೂಟಿಂಗ್. ಅದೇ ಸೂಳೆಕೆರೆ, ಕ್ಷಮಿಸಿ, ಪೋರ್ಚುಗಲ್. ಮೇಷ್ಟ್ರು ದಂಡೆಯ ಮೇಲೆ ದೂರದಿಂದ ನಡೆದುಕೊಂಡು ಬರಬೇಕು. ಸಿನಿಮಾದ ಹೆಂಡತಿ ಹನುಮಕ್ಕ ಓಡಿ ಹೋಗಿ ಕೈ ಹಿಡಿದು "ನೀವು ಬದುಕಿದ್ದೀರಾ!" ಅನ್ನಬೇಕು.

ಮೊದಲನೇ ಟೇಕ್. ಹನುಮಕ್ಕ ಓಡಿದರು, ಕೈ ಹಿಡಿದರು, ವಾಚ್ ನೋಡಿಕೊಂಡು ನಾಡಿ ಎಣಿಸತೊಡಗಿದರು. ಎರಡನೇ ಟೇಕ್. "ನೀವು ಬದುಕಿದ್ದೀರಾ? ಶುಗರ್ ಎಷ್ಟೈತೆ?" ಮೂರನೇ ಟೇಕಿನಲ್ಲಿ ಮೇಷ್ಟ್ರ ಮುಖ ನೋಡಿದ್ದೇ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ಸತ್ತೋರ ಬಾಯಾಗೆ ಅಡಿಕೆ ಐತೆ ಕಣ್ರಿ" ಎಂದು ಹೊಟ್ಟೆ ಹಿಡಿದುಕೊಂಡು ಮರಳಿನಲ್ಲೇ ಕೂತರು.

ಮರದ ಕೆಳಗೆ ರೊಟ್ಟಿ ಬುಟ್ಟಿ ಕಾಯುತ್ತಿದ್ದ ಗಿರಿಜಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. "ಸರೀರಿ. ನಾನು ಮಾಡ್ತೀನಿ."

"ಭಾಗ ಒಂದರಾಗೆ ಹೆಂಡ್ತಿ ಬೇರೆಯೋರು ಇದ್ರಲ್ಲಮ್ಮಾ" ಎಂದರು ಷಣ್ಮುಖಪ್ಪ.

"ಸೀರಿಯಲ್ಲಿನಾಗೆ ದಿನಾ ಬದ್ಲಾಗ್ತಾರೆ. ಹೊಡೀರಿ ಆ ಕ್ಯಾಮ್ರಾನ."

ಷಣ್ಮುಖಪ್ಪ ಮೊಬೈಲಿನಲ್ಲಿ ತಮ್ಮ ಹ್ಯಾಟ್ ಸರಿ ಇದೆಯಾ ನೋಡಿಕೊಂಡು 'ಆಕ್ಷನ್' ಎಂದರು. ಮೇಷ್ಟ್ರು ನಡೆದು ಬಂದರು. ಗಿರಿಜಮ್ಮ ಓಡಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಅವರು ಪೂರ್ತಿ ಹತ್ತಿರ ಬರುವವರೆಗೆ ನೋಡುತ್ತಾ ನಿಂತರು. ನಾನು ಬರೆದ ಡೈಲಾಗಿನ ಒಂದಕ್ಷರವೂ ಅವರ ಬಾಯಿಂದ ಬರಲಿಲ್ಲ.

"ಅವತ್ತು ಬೆಳಿಗ್ಗೆ ನನ್ ಫೋನಿಗೂ ಬಂತು ಆ ಮೆಸೇಜು" ಎಂದರು. "ಸಿನಿಮಾದ್ದು ಅಂತ ಗೊತ್ತಿತ್ತು. ಫೋಟೋ ಕೊಟ್ಟೋಳು ನಾನೇ. ಗೊತ್ತಿದ್ರೂ ನಿಲ್ಲಾಕಾಗ್ಲಿಲ್ಲ. ಒಲೆ ಮ್ಯಾಲೆ ಹಾಲಿತ್ತು, ಹಂಗೇ ಬಿಟ್ಟೆ. ಕಾಲಾಗೆ ಚಪ್ಪಲಿ ಇಲ್ಲ, ವಾಲಿಬಾಲ್ ಫೀಲ್ಡ್ ತನಕ ಓಡಿದೆ. ನೀವು ಸೀಟಿ ಊದ್ಕೊಂಡು ಹುಡುಗ್ರಿಗೆ ಬೈತಾ ನಿಂತಿದ್ರಿ. ಗೇಟಿನ ಹತ್ರ ನಿಂತು ಕಣ್ತುಂಬ ನೋಡ್ದೆ. ತಿರುಗಿ ಬಂದೆ. ಆಮ್ಯಾಲೆ ನೀವು ಮನೆಗೆ ಬಂದು, ಹಾಲು ಯಾಕೆ ಉಕ್ಕಿಸ್ದೆ ಅಂತ ಕೂಗಾಡಿದ್ರಿ."

ಮೇಷ್ಟ್ರಿಗೂ ಒಂದು ಡೈಲಾಗ್ ಇತ್ತು. ಅದು ಮರೆತೇ ಹೋಯಿತು ಅವರಿಗೆ. "ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದರು ಮೆಲ್ಲಗೆ.

"ಏನಂತ ಹೇಳ್ಲಿ? ನೀವಿಲ್ದಿದ್ರೆ ನಂಗೆ ದಿಕ್ಕಿಲ್ಲ ಅಂತ ಹೇಳ್ಲಾ? ಈ ವಯಸ್ಸಿನಾಗೆ?" ಅಂದವರೇ ಸೆರಗಿನಿಂದ ಮೂಗು ಒರೆಸಿಕೊಂಡರು. "ಬರ್ರಿ, ರೊಟ್ಟಿ ತಿನ್ರಿ."

ವರ್ಷವಿಡೀ ಈ ಹೆಂಗಸು ಮುನಿಸಿಕೊಂಡಿದ್ದಾರೆ ಅಂದುಕೊಂಡಿದ್ದೆನಲ್ಲ, ಅವರು ಹೆದರಿಕೊಂಡಿದ್ದರು. ಅರ್ಧ ಪುಟ ಬರೆದು ಕೈ ತೊಳೆದುಕೊಂಡ ನನ್ನ ಮೇಲೆ ನನಗೇ ಸಿಟ್ಟು ಬಂತು. ನಗುತ್ತಿದ್ದ ಹನುಮಕ್ಕ ಈಗ ಸ್ವೆಟರಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದರು. ಕಟ್ ಹೇಳಬೇಕಾದ ಷಣ್ಮುಖಪ್ಪ ಕನ್ನಡಕ ತೆಗೆದು, ಮೊಬೈಲಿನ ಮುಂದೆಯೇ ಬಗ್ಗಿ, ಬಿಕ್ಕಳಿಸುತ್ತಿದ್ದರು.

ರೊಟ್ಟಿ ತಿನ್ನುತ್ತಾ ವಿಡಿಯೋ ಹಾಕಿ ನೋಡಿದೆವು.

ಹ್ಯಾಟ್ ನೋಡಿಕೊಂಡರು ಅಂದೆನಲ್ಲ, ಪುಣ್ಯಾತ್ಮ ಸೆಲ್ಫಿ ಕ್ಯಾಮೆರಾ ಹಾಗೇ ಬಿಟ್ಟಿದ್ದರು! ಗಿರಿಜಮ್ಮನವರ ದನಿ ಸ್ಪಷ್ಟವಾಗಿ ಕೇಳುತ್ತದೆ. ಕಾಣುವುದು ಮಾತ್ರ ಷಣ್ಮುಖಪ್ಪನವರ ಮೂಗು. ಮೊದಲು ಒಣ ಮೂಗು, ಆಮೇಲೆ ಒದ್ದೆ ಮೂಗು. ಜನರೆಲ್ಲ ನೋಡಬೇಕು ಅಂತ ಗಿರಿಜಮ್ಮ ಹಟ ಹಿಡಿದಿದ್ದ ಬದುಕಿ ಬಂದ ಗಂಡ ಅದರಲ್ಲಿ ಒಂದು ಕ್ಷಣವೂ ಇಲ್ಲ.

"ಇನ್ನೊಂದೇ ಒಂದ್ ಟೇಕ್ ಅಮ್ಮಾ, ಕಾಲಿಗೆ ಬೀಳ್ತೀನಿ" ಎಂದರು ನಿರ್ದೇಶಕರು.

"ಆಗಾದಿಲ್ಲ" ಎಂದರು ಗಿರಿಜಮ್ಮ, ಗಂಡನ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕುತ್ತಾ. "ಹೇಳಾದು ಹೇಳಿ ಆತು. ಕೇಳ್ಬೇಕಾದೋರು ಕೇಳಿದ್ರು. ಜನ ನಿಮ್ ಮೂಗನ್ನೇ ನೋಡ್ಲಿ ಬಿಡ್ರಿ." ಹಾಗಾಗಿ ಭಾಗ ಎರಡರಲ್ಲಿ ಆ ಮೂಗೇ ಇರುತ್ತದೆ. ಷಣ್ಮುಖಪ್ಪ ಈಗಾಗಲೇ ಅದನ್ನು ಆರ್ಟ್ ಫಿಲಂ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ವಾಪಸು ಬರುವಾಗ ಮೇಷ್ಟ್ರ ಕಾರಿನಲ್ಲೇ ಬಂದೆ. ಗಿರಿಜಮ್ಮ ಹಿಂದಿನ ಸೀಟಿನಲ್ಲಿ ಖಾಲಿ ಬುಟ್ಟಿ ತಬ್ಬಿಕೊಂಡು ನಿದ್ದೆ ಹೋಗಿದ್ದರು. ಊರಿಗೆಲ್ಲ ಕೇಳುವಂತೆ ಮಾತಾಡುವ ರುದ್ರಪ್ಪ ಹೊನ್ನಾಳಿ ಹತ್ತಿರ ಬಂತು ಅನ್ನುವಾಗ ಕನ್ನಡಿಯಲ್ಲಿ ಹಿಂದೆ ನೋಡಿದರು. ಹೆಂಡತಿ ಎದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ಕಡೆ ವಾಲಿ, ಪಿಸುದನಿಯಲ್ಲಿ ಕೇಳಿದರು:

"ಮೇಡಂ, ಭಾಗ ಮೂರರಾಗೆ ನನ್ನ ಇನ್ನೊಂದ್ ಸಲ ಸಾಯಿಸಾಕೆ ಆಗ್ತೈತಾ?"