ಕೊನೆಯ ಪುಟ ಮೊದಲು ಓದುತ್ತಿದ್ದ ಸಿಸಿಲಿ ಬಾಯಿ

ಸಿಸಿಲಿ ಬಾಯಿ ಕೂತು ಓದಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ನಮ್ಮ ಕೊಂಕಣಿಯ ಈ ಬಾಯಿ, ಅಂದರೆ ಅಕ್ಕ, ನಡೆಯುತ್ತ ಓದುವವರು. ಸೌದಿಯ ಹೊಫೂಫಿನ ನಮ್ಮ ಕಟ್ಟಡದಲ್ಲಿ ಅವರ ಮನೆ ನಮ್ಮ ನೆತ್ತಿಯ ಮೇಲೆಯೇ ಇತ್ತು. ಡ್ಯೂಟಿಯಿಂದ ಬಂದು, ಚಾ ಕುಡಿದು, ಪುಸ್ತಕ ಕೈಗೆತ್ತಿಕೊಂಡರೆಂದರೆ ಕೆಳಗೆ ನಮಗೆ ಗೊತ್ತಾಗುತ್ತಿತ್ತು. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ರಬ್ಬರ್ ಚಪ್ಪಲಿಯ ಸಪ್ಪಳ. ಕತೆ ಬಿಗಿಯಾದಷ್ಟೂ ನಡಿಗೆ ಜೋರು. ನನ್ನ ಗಂಡ ಸೂರು ನೋಡಿ, "ಯಾರನ್ನೋ ಕೊಂದ್ರು ಅಂತ ಕಾಣ್ತದೆ" ಎನ್ನುತ್ತಿದ್ದರು.

"ಸ್ವಲ್ಪ ಕೂತ್ಕೊಂಡು ಓದಿ ಬಾಯಿ" ಎಂದು ನಾನೊಮ್ಮೆ ಹೇಳಿದ್ದುಂಟು.

"ಕೂತ್ರೆ ನನ್ನ ಕಿವಿಯಲ್ಲಿ ಯಾವುದೋ ಬೆಡ್ಡಿನ ಬೆಲ್ ಆಗ್ತದೆ ಮಾರಾಯ್ತಿ" ಎಂದರು. ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಕಲ್ಯಾಣಪುರದ ಹೊಳೆಬದಿಯಲ್ಲಿ ಹುಟ್ಟಿ, ಅರ್ಧ ಆಯುಷ್ಯ ಬೇರೆಯವರ ಸುಟ್ಟ ಚರ್ಮಕ್ಕೆ ಮದ್ದು ಹಚ್ಚುತ್ತ ಈ ಮರಳಿನಲ್ಲಿ ಕಳೆದವರು.

ಇನ್ನೊಂದು ಅಭ್ಯಾಸ ಇದಕ್ಕಿಂತ ವಿಚಿತ್ರ. ಯಾವ ಪುಸ್ತಕ ಸಿಕ್ಕಿದರೂ ಕೊನೆಯ ಪುಟವನ್ನೇ ಮೊದಲು ಓದುವುದು. "ಯಾರು ಉಳೀತಾರೆ, ಯಾರು ಇಲ್ಲ ಅಂತ ಮೊದಲೇ ಗೊತ್ತಾದ್ರೆ, ನಡುವಿನವರ ಮುಖ ಸಮಾಧಾನದಲ್ಲಿ ನೋಡ್ಬಹುದು" ಎನ್ನುವುದು ಅವರ ವಾದ. ಆದರೆ ಆ ಕೊನೆಯನ್ನು ಅವರ ಬಾಯಿಂದ ಹೊರಡಿಸಿದವರಿಲ್ಲ. ನಾವು ಎಷ್ಟು ಗೋಗರೆದರೂ ತುಟಿ ಬಿಗಿದು, ಕನ್ನಡಕದ ಮೇಲಿಂದ ನೋಡುತ್ತಿದ್ದರು. "ನಿನ್ನ ಕಾಲಲ್ಲೇ ನಡ್ಕೊಂಡು ಅಲ್ಲಿಗೆ ಬಾ. ನಾನು ಹೊತ್ಕೊಂಡು ಹೋಗುವವಳಲ್ಲ."

ಓದುವವರು ನಾವು ಐದು ಜನ. ಸಿಸಿಲಿ ಬಾಯಿ, ನಾನು, ಎದುರು ಮನೆಯ ಎಂಜಿನಿಯರ್ ರೊನಾಲ್ಡಣ್ಣ, ಅವರ ಹೆಂಡತಿ ಗ್ರೇಸಿ, ಮತ್ತು ಉಳ್ಳಾಲದ ಶಮೀಮಾ. ಶಮೀಮಾಳಿಗೆ ಕೊಂಕಣಿ ಬಾರದು, ನಮಗೆ ಬ್ಯಾರಿ ಬಾರದು. ಹಾಗಾಗಿ ಶುಕ್ರವಾರ ಬೆಳಿಗ್ಗೆ ಬಾಯಿಯ ಮನೆಯಲ್ಲಿ ಸೇರಿದಾಗ ಎಲ್ಲರಿಗೂ ಕನ್ನಡವೇ ಗತಿ. ಒಂದೇ ಪುಸ್ತಕ ಐದು ಕೈ ದಾಟುತ್ತಿತ್ತು. ಓದಿ ಮುಗಿಸಿದವರು ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ತಮ್ಮ ಅಭಿಪ್ರಾಯ ಬರೆದೇ ಮುಂದಿನವರಿಗೆ ಕೊಡಬೇಕು. ಪತ್ತೇದಾರಿ ಕತೆಯಾದರೆ ಇನ್ನೊಂದು ನಿಯಮ. ಅರ್ಧ ಓದಿದಾಗ, ಕಳ್ಳ ಯಾರೆಂದು ಒಂದು ಚೀಟಿಯಲ್ಲಿ ಬರೆದು ಹಾಲಿನ ಪುಡಿಯ ಖಾಲಿ ಡಬ್ಬಿಗೆ ಹಾಕಬೇಕು. ಎಲ್ಲರದೂ ಓದಿ ಮುಗಿದ ಮೇಲೆ ಡಬ್ಬಿ ತೆರೆಯುವುದು ಬಾಯಿ. ಕೊನೆ ಮೊದಲೇ ಗೊತ್ತಿರುವವರಾದ್ದರಿಂದ ಅವರಿಗೆ ಚೀಟಿ ಇಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಕೈಗೆ ಬಂದದ್ದು ಆಸ್ಟ್ರೇಲಿಯಾದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ. ಒಣಗಿದ ನೀಲಗಿರಿ ಕಾಡಿನ ನಡುವೆ ಒಂದು ಊರು. ಯಾರೋ ಬೇಕೆಂದೇ ಕಾಡಿಗೆ ಬೆಂಕಿ ಇಡುತ್ತಿದ್ದಾರೆ. ತನಿಖೆಗೆ ಬಂದ ಅಧಿಕಾರಿ ಹೆಣ್ಣು, ಬೆಂಕಿ ಆರಿಸುವ ದಳದವನು ಗಂಡು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸು, ಒಬ್ಬರ ಮೇಲೊಬ್ಬರಿಗೆ ಅನುಮಾನ. ಹೊರಗೆ ನಮ್ಮ ಹೊಫೂಫಿನ ಬಿಸಿಗಾಳಿಯೂ ಹಾಗೇ ಬೀಸುತ್ತಿತ್ತೆನ್ನಿ. ಪುಟ ತಿರುವಿದರೆ ಬೆರಳಿಗೆ ಬಿಸಿ ತಾಗುತ್ತದೆ ಎನ್ನಿಸುತ್ತಿತ್ತು.

ಅಭಿಪ್ರಾಯಗಳು ಒಂದಕ್ಕೊಂದು ಸೇರಲಿಲ್ಲ. "ಪ್ರೇಮ ಕಡಿಮೆ ಮಾಡಿ ಬೆಂಕಿ ಜಾಸ್ತಿ ಮಾಡಬಹುದಿತ್ತು" ಎಂದು ರೊನಾಲ್ಡಣ್ಣ ಬರೆದರು. ಅದರ ಕೆಳಗೇ ಗ್ರೇಸಿ, "ಮೇಲಿನವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅವರು ಮನೆಯಲ್ಲಿಯೂ ಹೀಗೆಯೇ" ಎಂದು ಬರೆದಳು. ಶಮೀಮಾಳದು ಬೇರೆ ತಕರಾರು. "ಅಲ್ಲ, ಅವ ಮೂರು ಸಲ ಜೀವ ಉಳಿಸಿದ್ದಾನೆ. ಆಮೇಲೂ ಇವಳಿಗೆ ಅವನ ಮೇಲೆ ಡೌಟಾ? ಎಂತ ಹೆಂಗಸಪ್ಪ!"

ಸಿಸಿಲಿ ಬಾಯಿ ಪುಸ್ತಕ ಬೀಸಿಕೊಳ್ಳುತ್ತ ನಡೆಯುತ್ತಿದ್ದರು. "ಹೊಗೆ ಕುಡಿದವನಿಗೆ ಎರಡು ಪುಟ ಪ್ರೀತಿಯ ಮಾತಾಡ್ಲಿಕ್ಕೆ ಆಗ್ತದಾ? ಕೆಮ್ಮಬೇಕು ಅವ. ಗಂಟಲು ಹಿಡಿದಿರ್ಬೇಕು. ಇದನ್ನು ಬರೆದವರು ಸುಟ್ಟವರ ಹತ್ತಿರ ಒಂದು ಗಂಟೆ ಕೂತಿಲ್ಲ."

"ನೀವೂ ಕೂತಿಲ್ಲ ಬಾಯಿ, ನಿಂತಿದ್ದೀರಿ" ಎಂದರು ರೊನಾಲ್ಡಣ್ಣ. ಎಲ್ಲರೂ ನಕ್ಕೆವು.

ಡಬ್ಬಿ ತೆರೆದಾಗ ನಾಲ್ಕು ಚೀಟಿಯಲ್ಲೂ ಒಂದೇ ಹೆಸರು: ಬೇರೆ ಊರಿನಿಂದ ಕೂಲಿಗೆ ಬಂದ, ಯಾರೊಂದಿಗೂ ಮಾತಾಡದ ಒಬ್ಬ ಆಳು. ಕತೆಯಲ್ಲಿ ಬೆಂಕಿ ಇಟ್ಟವನು ಅವನಲ್ಲ. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ನೀರು ಹೊತ್ತು ಓಡಿ ಬರುತ್ತಿದ್ದ, ಊರಿಗೇ ಬೇಕಾದ ಹಿರಿಯ. ನಾವು ಪೆಚ್ಚಾಗಿ ನಕ್ಕೆವು. ಸಿಸಿಲಿ ಬಾಯಿ ನಗಲಿಲ್ಲ. "ಆ ಪಾಪದವ ಎಂತ ಮಾಡಿದ್ದ ನಿಮಗೆ? ಬಾಯಿ ಇಲ್ಲದವನು ಅಂತಲಾ?" ಎಂದು ಕೇಳಿದರು. ಕತೆಯ ವಿಷಯಕ್ಕೆ ಇಷ್ಟು ಬಿಸಿ ಯಾಕೆಂದು ನಾವು ಮುಖ ಮುಖ ನೋಡಿಕೊಂಡೆವು.

ಬಾಯಿಗೆ ಮೀನೆಂದರೆ ಜೀವ. ನಂಗ್ ಮೀನಿನ ಸಿಪ್ಪೆ ಸುಲಿಯಬೇಕಾದರೆ ಬೆರಳಿಗೆ ಬೂದಿ ಬೇಕೇ ಬೇಕು, ಇಲ್ಲದಿದ್ದರೆ ಜಾರುತ್ತದೆ. ಇದು ನಮ್ಮ ಕರಾವಳಿಯ ಪ್ರತಿ ಅಡುಗೆಮನೆಗೂ ಗೊತ್ತು. ಗ್ಯಾಸಿನ ಒಲೆಯ ಈ ದೇಶದಲ್ಲಿ ಬೂದಿ ಎಲ್ಲಿಂದ ತರುವುದು? ಬಾಯಿ ತಾರಸಿಯ ನಳ್ಳಿಯ ಹತ್ತಿರ ಒಂದು ಹಳೆಯ ತುಪ್ಪದ ಟಿನ್ನಿನಲ್ಲಿ ತೆಂಗಿನ ಚಿಪ್ಪು ಸುಡುತ್ತಿದ್ದರು. ಸುಟ್ಟ ಬೂದಿ ಟಿನ್ನಿನಲ್ಲೇ ಎರಡು ದಿನ ಆರಬೇಕು, ಆಮೇಲೆ ಕಟ್ಟಡದ ಕರಾವಳಿಯವರಿಗೆಲ್ಲ ಹಂಚಿಕೆ. "ಟಿನ್ ಮುಟ್ಟಬೇಡಿ, ನಾನೇ ಕೊಡ್ತೇನೆ" ಎಂದು ಎಲ್ಲರಿಗೂ ಹೇಳಿಟ್ಟಿದ್ದರು.

ಪುಸ್ತಕದ ಗಲಾಟೆ ಮುಗಿದ ಮುಂದಿನ ವಾರ, ಒಂದು ಬುಧವಾರ, ನನ್ನ ಗಂಡ ದಮ್ಮಾಮಿನಿಂದ ನಂಗ್ ತಂದರು. ಬಾಯಿ ಡ್ಯೂಟಿಯಲ್ಲಿದ್ದರು. ನಾನು ಕಾಯಲಿಲ್ಲ. ಮಧ್ಯಾಹ್ನ ತಾರಸಿಗೆ ಹೋಗಿ ಟಿನ್ನಿನಿಂದ ಒಂದು ಮುಷ್ಟಿ ಬೂದಿ ತೆಗೆದೆ. ಮೇಲಿನ ಬೂದಿ ತಣ್ಣಗಿತ್ತು. ಗಾಳಿಗೆ ಅದು ಹಾರಿ ಒಣಗಲು ಹಾಕಿದ್ದ ನನ್ನ ಬಿಳಿ ಬೆಡ್‌ಶೀಟಿನ ಮೇಲೆ ಬೀಳತೊಡಗಿತು. ಉಳಿದದ್ದನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಸುರಿದು, ಮುಚ್ಚಿ, ಗಾಳಿ ತಾಗದ ಮೂಲೆಗೆ ತಳ್ಳಿದೆ. ಆ ಮೂಲೆಯಲ್ಲಿ, ಅಂಗಳದ ಮರಗಳಿಂದ ಕಡಿದ ಖರ್ಜೂರದ ಒಣ ಗರಿಗಳ ರಾಶಿ ಇತ್ತು.

ನನ್ನ ಅಜ್ಜಿ ದಿನಾ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು, ಬೆಳಿಗ್ಗೆ ಅದನ್ನೇ ಊದಿ ಒಲೆ ಹೊತ್ತಿಸುತ್ತಿದ್ದರು. ಬೂದಿ ಮುಚ್ಚಿದ ಕೆಂಡ ಎನ್ನುವ ಮಾತನ್ನು ನಾನು ಕಲಿತದ್ದು ಅವರ ಬಾಯಿಂದಲೇ. ಅಂಥ ಅಜ್ಜಿಯ ಮೊಮ್ಮಗಳು ಮಾಡಿದ ಕೆಲಸ ಇದು.

ಮೀನು ಸುಲಿದು ಮಸಾಲೆ ಹಚ್ಚುವಷ್ಟರಲ್ಲಿ ಮೇಲಿಂದ ಕೂಗು ಕೇಳಿತು. ನಾವು ಹತ್ತಿ ಹೋಗುವಾಗ ಹಾರಿಸ್ ಯೂನುಸ್ ಒಬ್ಬನೇ ಉರಿಯುವ ಗರಿಗಳನ್ನು ಬರಿಗೈಯಲ್ಲಿ ಎಳೆದು ನೀರಿನ ಟ್ಯಾಂಕಿನಿಂದ ದೂರ ಬಿಸಾಡುತ್ತಿದ್ದ. ಹಾರಿಸ್ ಎಂದರೆ ಇಲ್ಲಿಯ ಅರಬಿಯಲ್ಲಿ ಕಟ್ಟಡ ಕಾಯುವವನು. ಬಾಂಗ್ಲಾದ ಯೂನುಸ್ ಮಾತು ಕಡಿಮೆ, ನೆಲಮಾಳಿಗೆಯ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಬೆಂಕಿ ಆರಿತು. ಅವನ ಬಲಗೈ ಸುಟ್ಟಿತ್ತು. ಅದೇ ಹೊತ್ತಿಗೆ ಡ್ಯೂಟಿಯಿಂದ ಬಂದ ಸಿಸಿಲಿ ಬಾಯಿ ಅವನ ಕೈಯನ್ನು ನಳ್ಳಿಯ ಕೆಳಗೆ ಹಿಡಿದು ನಿಂತರು. ಹಿಂದೆ ರೊನಾಲ್ಡಣ್ಣ ಸಣ್ಣ ದನಿಯಲ್ಲಿ, "ಇವನೇ ಸಿಗರೇಟು ಸೇದಿ ಬಿಸಾಡಿದ್ದು. ದಿನಾ ಇಲ್ಲಿ ಬಂದು ಸೇದ್ತಾನಲ್ಲ" ಎಂದರು. ನಾನು ಬೂದಿ ಬಿದ್ದ ಬೆಡ್‌ಶೀಟು ಎಳೆದು ಮಡಚಿದೆ.

ಮರುದಿನಕ್ಕೆ ಅದು ಇಡೀ ಕಟ್ಟಡದ ಮಾತಾಯಿತು. ಹಾರಿಸ್‌ನನ್ನು ಬದಲಾಯಿಸಿ ಎಂದು ಕಟ್ಟಡದ ಯಜಮಾನರಿಗೆ ಕೊಡಲು ರೊನಾಲ್ಡಣ್ಣ ಒಂದು ಪತ್ರ ಟೈಪ್ ಮಾಡಿದರು. ಬದಲಾಯಿಸುವುದೆಂದರೆ ಏನೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಹೋಯಿತು, ಮತ್ತೆ ಸುಟ್ಟ ಕೈ ಹಿಡಿದುಕೊಂಡು ಊರಿನ ವಿಮಾನ. ಎರಡು ದಿನ ನನ್ನದು ಇದೇ ಕೆಲಸ. ಹೇಳಬೇಕೆಂದು ಬಾಗಿಲವರೆಗೆ ಹೋಗುವುದು, ವಾಪಸು ಬರುವುದು. ಪೊಲೀಸ್ ಕೇಸಾದರೆ ನನ್ನ ಗಂಡನ ಕೆಲಸಕ್ಕೆ ಎಲ್ಲಿ ಕುತ್ತು ಬರುತ್ತದೋ ಎಂಬ ಹೆದರಿಕೆ. ಮೇಲೆ ಬಾಯಿಯ ಚಪ್ಪಲಿಯ ಸಪ್ಪಳವೂ ನಿಲ್ಲುತ್ತಿರಲಿಲ್ಲ.

ಶುಕ್ರವಾರ ಬಾಯಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಪತ್ರಕ್ಕೆ ಸಹಿ ಆಮೇಲೆ. ಮೊದಲು ಚೀಟಿ. ತಾರಸಿಯ ಬೆಂಕಿ ಯಾರಿಂದ? ಈ ಸಲ ನಾನೂ ಬರೀತೇನೆ."

"ಇದೆಂತ ಆಟ ಬಾಯಿ" ಎಂದಳು ಗ್ರೇಸಿ.

"ಆಟವೇ. ಬರೀರಿ."

ನನ್ನ ಪೆನ್ಸಿಲ್ ತುಂಬಾ ಹೊತ್ತು ಕಾಗದದ ಮೇಲೆ ನಿಂತಿತು. ಆಮೇಲೆ ನಾನೂ ಬರೆದೆ. ಬಾಯಿ ಒಂದೊಂದಾಗಿ ಬಿಡಿಸಿ ಓದಿದರು. ಯೂನುಸ್. ಯೂನುಸ್. ಯೂನುಸ್. ನಾಲ್ಕನೆಯದನ್ನು ಬಿಡಿಸಿ ಸ್ವಲ್ಪ ಹೊತ್ತು ನೋಡಿದರು. "ಯೂನುಸ್." ಐದನೆಯದು ಅವರದು. ಅದನ್ನು ನಮ್ಮ ಕಡೆ ತಿರುಗಿಸಿ ಹಿಡಿದರು. ಅದರಲ್ಲಿ ಮನುಷ್ಯರ ಹೆಸರಿರಲಿಲ್ಲ. 'ಬೂದಿ' ಎಂದಿತ್ತು.

"ನನ್ನ ಬೂದಿ. ಆರಿರಲಿಲ್ಲ. ಸುಟ್ಟಗಾಯದ ನರ್ಸ್ ನಾನು, ನನಗೆ ಗೊತ್ತಿರ್ಬೇಕಿತ್ತು."

"ಬಾಯಿ, ಇನ್ನು ನಾಲ್ಕು ತಿಂಗಳಲ್ಲಿ ನಿಮ್ಮ ಎಕ್ಸಿಟ್, ಊರಿಗೆ ಹೋಗ್ಲಿಕ್ಕೆ ಉಂಟು" ಎಂದಳು ಶಮೀಮಾ ಗಾಬರಿಯಿಂದ. "ಕೇಸಾದ್ರೆ ಇಲ್ಲಿಂದ ಬಿಡುದಿಲ್ಲ ನಿಮ್ಮನ್ನು!"

"ಅವನನ್ನಾದ್ರೆ ಇವತ್ತೇ ಕಳಿಸ್ತೀರಿ, ಅಲ್ವಾ?" ಎಂದು ಬಾಯಿ ರೊನಾಲ್ಡಣ್ಣನ ಪತ್ರವನ್ನು ಮಡಚಿ ತಮ್ಮ ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದರು.

ಕೆಳಗೆ ಯಜಮಾನರ ಕಾರು ಬಂದಿತ್ತು. ಖರ್ಜೂರದ ತೋಟವಿದ್ದ ಮುದುಕರು ಅವರು. ನಾನು ಕಿಟಕಿಯಿಂದ ನೋಡಿದೆ. ಬಾಯಿಗೆ ಬರುತ್ತಿದ್ದದ್ದು ವಾರ್ಡಿನ ಅರಬಿ: ಎಲ್ಲಿ ನೋವು, ಉಸಿರೆಳೆಯಿರಿ, ಹೆದರಬೇಡಿ. ಅಷ್ಟರಲ್ಲೇ ಹೇಗೆ ಹೇಳಿದರೋ! ಮೇಲೆ ತಾರಸಿ ತೋರಿಸುತ್ತ, ಎದೆಗೆ ಕೈ ಬಡಿದುಕೊಂಡು "ಅನಾ, ಅನಾ" ಎನ್ನುತ್ತಿದ್ದರು. ನಾನು, ನಾನು. ಆ ಎರಡು ಅಕ್ಷರ ಹೇಳಬೇಕಾಗಿದ್ದವಳು ನಾನು. ಕೆಳಗಿಳಿಯಲಿಲ್ಲ.

ಯಜಮಾನರು ಪೊಲೀಸರಿಗೆ ಹೇಳಲಿಲ್ಲ. ಯೂನುಸ್ ಉಳಿದ. ಬಾಯಿ ಮಾತ್ರ ತಿಂಗಳೊಳಗೆ ಮನೆ ಬಿಡಬೇಕೆಂದು ಯಜಮಾನರು ಹೇಳಿದರು. ಬಾಯಿ ಆಸ್ಪತ್ರೆಯ ಹಾಸ್ಟೆಲಿಗೆ ಹೋದರು. ಶುಕ್ರವಾರದ ಓದು ತಾನಾಗಿಯೇ ನಿಂತಿತು. ಡಬ್ಬಿ, ಪುಸ್ತಕ ಎರಡೂ ನನ್ನ ಮನೆಗೆ ಬಂದವು.

ಅವರು ಹೊರಡುವ ದಿನ ಬೆಳಿಗ್ಗೆ ಹಾಸ್ಟೆಲಿಗೆ ಹೋದೆ. ಸೂಟ್‌ಕೇಸು ತೆರೆದು ಬಿದ್ದಿತ್ತು. ಅವರು ಸೀರೆ ಮಡಚುತ್ತ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು. ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದೆ. ಬೂದಿ ಪೆಟ್ಟಿಗೆಗೆ ಸುರಿದದ್ದು ನಾನು, ಮೂಲೆಗೆ ತಳ್ಳಿದ್ದೂ ನಾನು.

"ಗೊತ್ತುಂಟು" ಎಂದರು, ನಡಿಗೆ ನಿಲ್ಲಿಸದೆ. "ಯೂನುಸ್ ಮೆಟ್ಟಿಲಿಂದ ನೋಡಿದ್ದ. ಮರುದಿನ ಕೈಗೆ ಮದ್ದು ಹಾಕುವಾಗ ಹೇಳಿದ. 'ದೀದಿ, ನಾನು ಹೇಳಿದ್ರೆ ಯಾರು ನಂಬ್ತಾರೆ' ಅಂತ ಕೇಳಿದ."

"ಹಾಗಾದ್ರೆ ಆ ಚೀಟಿ?"

"ನೀನು ನಿನ್ನ ಹೆಸರೇ ಬರೀತಿ ಅಂತ ಗ್ರಹಿಸಿದ್ದೆ. ನಿನ್ನ ಅಕ್ಷರ ನನಗೆ ಗೊತ್ತಿಲ್ವಾ ಐರಿನ್?"

ನನಗೆ ಅಳು ಬಂತು. "ಒಂದು ಮಾತು ಬೈಯಬಾರದಿತ್ತಾ ಬಾಯಿ? ನಾಲ್ಕು ತಿಂಗಳು!"

"ಕೊನೆಯ ಪುಟ ನಾನು ಯಾವತ್ತಾದ್ರೂ ಹೇಳಿದ್ದುಂಟಾ? ನೀನೇ ನಡ್ಕೊಂಡು ಬರ್ಲಿ ಅಂತ ಕಾದೆ. ಬಂದಿ. ಆದ್ರೆ ತಪ್ಪು ಮನೆಗೆ ಬಂದಿ ಮಾರಾಯ್ತಿ. ಸುಟ್ಟದ್ದು ನನ್ನ ಕೈ ಅಲ್ಲ." ಹೀಗೆಂದು ಸೂಟ್‌ಕೇಸಿನ ಮುಚ್ಚಳ ಎಳೆದರು. ಅದು ಮುಚ್ಚಲಿಲ್ಲ. "ಬಾ, ಕೂತ್ಕೋ ಇದರ ಮೇಲೆ. ನಾನೊಬ್ಬಳು ಸಾಲುದಿಲ್ಲ." ಇಬ್ಬರೂ ಕೂತೆವು. ಸಿಸಿಲಿ ಬಾಯಿ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಜಿಪ್ ಎಳೆದದ್ದೇ ಎದ್ದುಬಿಟ್ಟರು.

ಮನೆಗೆ ಬಂದಾಗ ಯೂನುಸ್ ಅಂಗಳದ ಮರಗಳಿಗೆ ನೀರು ಬಿಡುತ್ತಿದ್ದ. ಪೈಪು ಎಡಗೈಯಲ್ಲಿ. ಬಲಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಅವನಿಗೆ ಹೇಳಿದೆ. ಅವನು ನಳ್ಳಿ ನಿಲ್ಲಿಸಿದ. ಮುರುಕು ಹಿಂದಿಯಲ್ಲಿ, "ದೀದಿ ಹೇಳಿದ್ದರು, ಮೇಡಂ ಬರ್ತಾರೆ, ಸ್ವಲ್ಪ ನಿಧಾನ ಅಂತ" ಎಂದ. ಆಮೇಲೆ ತನ್ನ ಕೈಯನ್ನೇ ನೋಡುತ್ತ ಕೇಳಿದ. "ಯಜಮಾನರಿಗೂ ಹೇಳ್ತೀರಾ? ಗುರುವಾರ ಬರ್ತಾರೆ. ಈಗಲೂ ಅವರಿಗೆ ನನ್ನ ಮೇಲೇ ಅನುಮಾನ, ನನ್ನನ್ನು ಕಂಡರೆ ತಾರಸಿಯ ಬೀಗ ಎಳೆದು ನೋಡಿಯೇ ಹೋಗ್ತಾರೆ."

"ಹೇಳ್ತೇನೆ" ಎಂದೆ.

ಇವತ್ತು ಮಂಗಳವಾರ. ಆಸ್ಟ್ರೇಲಿಯಾದ ಆ ಪುಸ್ತಕ ನನ್ನ ಕೈಯಲ್ಲಿದೆ. ಹಿಂದಿನ ಹಾಳೆಯಲ್ಲಿ ಬಾಯಿಯ ಪೆನ್ಸಿಲ್ ಅಕ್ಷರ: "ಕೆಮ್ಮು ಇಲ್ಲ. ಉಳಿದದ್ದು ಪರವಾಗಿಲ್ಲ." ಕೊನೆಗೆ ಓದಿದವಳು ನಾನು, ಅದರ ಕೆಳಗೆ ನನ್ನ ಜಾಗ ಇನ್ನೂ ಖಾಲಿ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಎಷ್ಟು ಸಲ ಹೋಗಿ ಬಂದೆನೋ, ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, "ಒಂದು ಕಡೆ ಕೂತ್ಕೋ ಮಾರಾಯ್ತಿ, ಕೆಳಗಿನವನಿಗೆ ಸಪ್ಪಳ ಕೇಳ್ತದೆ" ಎಂದರು.

ಕೆಳಗೆ ಯೂನುಸನ ಕೋಣೆ.

"ಕೇಳ್ಲಿ" ಎಂದೆ.