ಮಲಗಿದ ಬೆಂಕಿ

ನನ್ನ ಸೋದರಮಾವನ ಬಗ್ಗೆ ಬರೆಯುವಾಗ ಬಹುವಚನ ಹಾಕಲು ಕೈ ಏಳುವುದಿಲ್ಲ. ಎದುರಿಗೆ ಸಿಕ್ಕರೆ 'ನೀವು' ಎನ್ನುತ್ತೇನೆ, ಅಷ್ಟು ಸಾಕು.

ಕೆ.ಆರ್. ನಗರದಲ್ಲಿ ಅವನದೊಂದು ಅಕ್ಕಿ ಗಿರಣಿ. ಅಲ್ಲಿನ ಬಾಯ್ಲರ್ ಭತ್ತದ ಹೊಟ್ಟಿನಲ್ಲಿ ಉರಿಯುತ್ತದೆ. ಉರಿಸುವವರು ಬೇರೆ, ಇವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೊಗೆ ನೋಡಿದ್ದಾನೆ. ಅಷ್ಟಕ್ಕೇ ಬೆಂಕಿಯ ವಿಷಯದಲ್ಲಿ ತಾನೇ ಪಂಡಿತ. ನಾನು ಕೆಮಿಕಲ್ ಇಂಜಿನಿಯರಿಂಗ್ ಓದಿ, ಕಾರ್ಖಾನೆಗಳ ಇಂಧನ ಪರೀಕ್ಷಿಸುವ ಕೆಲಸದಲ್ಲಿರುವುದು ಅವನಿಗೆ ಇವತ್ತಿಗೂ ತಮಾಷೆ.

ಅಪ್ಪ ತೀರಿಕೊಂಡ ಮೇಲೆ ಕಂಪಲಾಪುರದ ಪಕ್ಕದ ನಮ್ಮ ಹೊಲವನ್ನೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನನ್ನೂ ತನಗೆ ಗುತ್ತಿಗೆಗೆ ಬಿಡು ಎಂದು ಅಮ್ಮನ ಜೀವ ತಿನ್ನುತ್ತಿದ್ದ.

"ಎಂಗಸ್ರ ಕೈಲಿ ಬ್ಯಾರನ್ ಆಗಾಕಿಲ್ಲ ಕಣಕ್ಕ."

ಅಮ್ಮ ಜಗ್ಗಲಿಲ್ಲ. ಆ ವರ್ಷ ತಾನೇ ಸೊಪ್ಪು ಬೆಳೆದು, ಬ್ಯಾರನ್ನಿಗೆ ಏರಿಸಿ, ಬೆಂಕಿ ಹಾಕಿದಳು. ಸೊಪ್ಪು ಚೆನ್ನಾಗಿ ಬಂದರೆ ಅವನ ಬಾಯಿ ಮುಚ್ಚುತ್ತದೆ. ಕೆಟ್ಟರೆ ಊರೆಲ್ಲ ಅವನ ಮಾತೇ ಸರಿ ಎನ್ನುತ್ತದೆ.

ಸೊಪ್ಪು ಹಳದಿಗೆ ತಿರುಗಿ, ಇನ್ನು ಶಾಖ ಏರಿಸಬೇಕು ಅನ್ನುವಾಗ ಈ ಮಹಾಶಯ ಹೊಟ್ಟಿನ ಮೂಟೆ ಹೇರಿಕೊಂಡು ಬಂದ. ನಿದ್ದೆಗೆಟ್ಟಿದ್ದ ಅಮ್ಮ ಒಲೆಯನ್ನು ಅವನಿಗೆ ಒಪ್ಪಿಸಿ ಒಳಗೆ ಹೋದಳು.

"ಬೆಂಕಿ ಮಲಗಿದ್ರೆ ನನ್ನ ಕೂಗು."

ಬ್ಯಾರನ್ನಿನಲ್ಲಿ ಸೊಪ್ಪಿರುವಾಗ ನಮ್ಮ ಮನೆಯಲ್ಲಿ ಬೆಂಕಿ ಆರಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಪಶಕುನ. ಮಲಗಿತು ಎನ್ನುತ್ತೇವೆ. ಇವನ ಗಿರಣಿಯಲ್ಲಿ ಮಲಗಿದ ಬೆಂಕಿಯೆಂದರೆ ಬೂದಿಯಡಿ ಕೆಂಡ ಇನ್ನೂ ಇದೆ, ಕೆದಕಿದರೆ ಏಳುತ್ತದೆ ಎಂದರ್ಥ.

ನಾನು ಹುಣಸೂರಿನ ಬಸ್ಸಿಳಿದು ಬಂದಾಗ ಒಲೆಯ ತುಂಬ ಹೊಟ್ಟು, ಚಿಮಣಿಯಲ್ಲಿ ದಟ್ಟ ಹೊಗೆ. ಮಾವ ಮಂಚದ ಮೇಲೆ ಕಾಲು ಚಾಚಿದ್ದ.

"ಮಾವ, ಹೊಗೆ ಅಂದ್ರೆ ಉರೀದೇ ದಂಡ ಆಗ್ತಿರೋದು ಅಂತ. ನಿಮ್ಮ ಗಿರಣೀಲಿ ಗಾಳಿ ಊದೋ ಫ್ಯಾನಿದೆ, ಕೆಳಗೆ ಜಾಲರಿಯಿದೆ. ಇಲ್ಲಿ ಹೊಟ್ಟಿಗೆ ಉಸಿರಾಡೋಕೇ ಜಾಗ ಇಲ್ಲ."

"ಅಕ್ಕನೂ ಮಲಗವ್ಳೆ, ಬೆಂಕಿನೂ ಮಲಗೈತೆ, ಬುಡವ್ವ. ಪುಸ್ತಕದ ಬೆಂಕಿ ಬ್ಯಾರೆ, ಒಲೆ ಬೆಂಕಿ ಬ್ಯಾರೆ."

ಥೂ, ಇವನ ಪಾಂಡಿತ್ಯಕ್ಕಿಷ್ಟು! ಬ್ಯಾರನ್ನಿನ ಥರ್ಮಾಮೀಟರ್ ಆಗಲೇ ಇಳಿದುಹೋಗಿತ್ತು. ಅಮ್ಮನನ್ನು ಎಬ್ಬಿಸಿದೆ. ಇಬ್ಬರೂ ಹೊಟ್ಟನ್ನು ಎಳೆದು ಹೊರಗೆ ಹಾಕಿದೆವು. ಸುಟ್ಟ ಹೊಟ್ಟು ಕೂಡ ಹೊಟ್ಟಿನ ಆಕಾರದಲ್ಲೇ ನಿಂತಿತ್ತು, ಥೇಟ್ ಮಾವನ ಹಾಗೆ, ಒಳಗೇನೂ ಇಲ್ಲದೆ. ಒಣಸೌದೆ ಇಟ್ಟು ಬೆಂಕಿ ಹೊತ್ತಿಸಿ ಶಾಖ ಏರಿಸುವಷ್ಟರಲ್ಲಿ ಮೇಲಿನ ಸಾಲಿನ ಸೊಪ್ಪು ಬೆವತು ಕಂದಿಹೋಗಿತ್ತು. ಕೆಳಗಿನದು ಉಳಿಯಿತು. ಅಮ್ಮ ಅಳಲಿಲ್ಲ. ನನಗೇ ಅಳು ಬಂತು, ಸಿಟ್ಟಿಗೆ.

ಸೊಪ್ಪು ಇಳಿಸಿದ ದಿನ ಮಾವ ಮತ್ತೆ ಬಂದ. ಮುದ್ದೆ ಉಂಡು, ಕೈ ತೊಳೆದು, ಕಂದಿದ ಎಲೆ ಎತ್ತಿ ಹಿಡಿದ.

"ಎಂಗಸ್ರ ಕೈಲಿ ಆಗಾಕಿಲ್ಲ ಅಂತ ನಾನ್ ಆಗ್ಲೇ ಏಳ್ಲಿಲ್ವಾ? ಗುತ್ತಿಗೆ ಮಾತು ಏನಾಯ್ತಕ್ಕ?"

ಅಮ್ಮ ಒಳ್ಳೆಯ ಎಲೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಆ ಮಾತು ಮಲಗೈತೆ ಕಣಪ್ಪ."

ಅವನ ಮುಖ ಅರಳಿತು. ಆ ಪದಕ್ಕೆ ನಮ್ಮಲ್ಲಿ ಏನರ್ಥ ಎಂದು ಅವನು ಆಗಲೂ ಕೇಳಲಿಲ್ಲ.

"ಮಲಗಿರ್ಲಿ ಬುಡಕ್ಕ. ಇನ್ನೊಂದ್ಸಲ ಬಂದಾಗ ಎಬ್ಬಿಸ್ತೀನಿ."

ಖಾಲಿ ಚೀಲಗಳನ್ನು ಮಡಿಸಿಕೊಂಡು ಖುಷಿಯಾಗಿ ಹೊರಟ. ಅಮ್ಮ ಬ್ಯಾರನ್ನಿಗೆ ಏರಿಸುವ ಮುಂದಿನ ಸೊಪ್ಪನ್ನು ಕಡ್ಡಿಗೆ ಕಟ್ಟಲು ಕೂತಳು.